ಕೊಟ್ಟಿಗೆಯ ಮೋರಿ ಹೊಂಡಕ್ಕೆ ಬೇಡ

ಸಮಗ್ರ ಕೃಷಿ ಮಾಡಿದ್ದೇನೆ, ಬಂದು ನೋಡಿ ಎಂದು ಕರೆದವರ ಹೊಲಕ್ಕೆ ಹೋದಾಗ ನಾನು ಮೊದಲು ನೋಡುವುದು ಕೊಟ್ಟಿಗೆಯ ಮೋರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಶಿರಾ, ಮಧುಗಿರಿ, ಪಾವಗಡದ ಕಡೆ ಎಷ್ಟೋ ಹೊಲಗಳಲ್ಲಿ ಅದು ಪೈಪಿನ ಮೂಲಕ ನೇರವಾಗಿ ಮೀನು ಸಾಕಿರುವ ಕೃಷಿ ಹೊಂಡಕ್ಕೆ ಬೀಳುತ್ತಿರುತ್ತದೆ. ಸಗಣಿ, ಗಂಜಲ, ಕೊಟ್ಟಿಗೆ ತೊಳೆದ ನೀರು, ಎಲ್ಲವೂ ದಿನಕ್ಕೆರಡು ಹೊತ್ತು ಮೀನಿನ ಪಾಲು. ಹಸುವಿನ ಸಗಣಿ ಮೀನಿಗೆ, ಮೀನಿನ ಹೊಂಡದ ನೀರು ಬೆಳೆಗೆ, ಬೆಳೆಯ ಮೇವು ಹಸುವಿಗೆ ಎಂದು ತರಬೇತಿಯಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದನ್ನು ರೈತರು ನಂಬಿಕೆಯಿಂದ ಹಾಗೆಯೇ ಮಾಡಿರುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆ ಬಾಣಗಳ ಪಕ್ಕದಲ್ಲಿ ಎಷ್ಟು ಎಂಬುದನ್ನು ಯಾರೂ ಬರೆದಿರುವುದಿಲ್ಲ.

ಹೊಂಡ ತೋಡಿಸುವುದು, ಪಾಲಿಥೀನ್ ಹಾಸುವುದು, ಸಹಾಯಧನದ ಕಾಗದಪತ್ರ, ಇವನ್ನೆಲ್ಲ ನಾನು ಹೇಳಬೇಕಾಗಿಲ್ಲ. ಎಷ್ಟು ಎಂಬುದೊಂದನ್ನೇ ಹೇಳುತ್ತೇನೆ.

2014ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ದೊಡ್ಡ ಅಳತೆಯ ಹೊಂಡವೊಂದನ್ನು ಲೆಕ್ಕಕ್ಕೆ ಹಿಡಿಯೋಣ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಬಾಯಿಯ ವಿಸ್ತೀರ್ಣ 441 ಚದರ ಮೀಟರ್, ಅಂದರೆ ನಾಲ್ಕು ಗುಂಟೆಗಿಂತ ತುಸು ಹೆಚ್ಚು. ಗೆಂಡೆ ಮೀನು (ಕಾಟ್ಲಾ, ರೋಹು ಜಾತಿಯವು) ಸಾಕುವ ಕೆರೆಗೆ ಹಸಿ ಸಗಣಿಯ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 10 ಟನ್. ಹಾಗೆ ಲೆಕ್ಕ ಹಾಕಿದರೆ ನಮ್ಮ ಹೊಂಡಕ್ಕೆ ವರ್ಷಕ್ಕೆ 440 ಕೆ.ಜಿ., ವಾರಕ್ಕೆ ಎಂಟೂವರೆ ಕೆ.ಜಿ. 15 ಟನ್ನಿನ ಶಿಫಾರಸನ್ನೇ ಹಿಡಿದರೂ ವಾರಕ್ಕೆ 13 ಕೆ.ಜಿ. ದಾಟುವುದಿಲ್ಲ. ಒಂದು ಸೀಮೆಹಸು ದಿನಕ್ಕೆ ಕಡಿಮೆಯೆಂದರೂ 10 ಕೆ.ಜಿ. ಸಗಣಿ ಹಾಕುತ್ತದೆ. ಒಂದು ಹಸುವಿನ ಒಂದು ದಿನದ ಸಗಣಿ ಹೊಂಡಕ್ಕೆ ಹೆಚ್ಚುಕಡಿಮೆ ಒಂದು ವಾರಕ್ಕೆ ಸಾಕು. ಎರಡು ಹಸುಗಳ ಕೊಟ್ಟಿಗೆಯಿಂದ ಪೈಪು ಎಳೆದವರ ಹೊಂಡಕ್ಕೆ ಬೇಕಾದದ್ದರ ಹದಿನಾರು ಪಟ್ಟು ಬೀಳುತ್ತಿದೆ. ಈ ಲೆಕ್ಕವನ್ನು ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದ ಮೇಲೂ, "ಜಾಸ್ತಿ ಹಾಕಿದರೆ ಜಾಸ್ತಿ ಬೆಳೆಯುವುದಿಲ್ಲವೇ ಸಾರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಬೆಳೆಯುವುದಿಲ್ಲ. ಮೀನು ಸಗಣಿ ತಿಂದು ಬೆಳೆಯುವ ಜೀವಿಯಲ್ಲ. ಸಾಮಾನ್ಯ ಗೆಂಡೆ ತಳ ಕೆದಕುವಾಗ ಒಂದಿಷ್ಟನ್ನು ಬಾಯಿಗೆ ಹಾಕಿಕೊಳ್ಳಬಹುದು, ಅಷ್ಟೇ. ಸಗಣಿ ಕೊಳೆತು ನೀರಿಗೆ ಸತ್ವ ಬಿಡಬೇಕು, ಆ ಸತ್ವದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಟ್ಟಬೇಕು, ಅದನ್ನು ತಿಂದು ಸೂಕ್ಷ್ಮ ಪ್ರಾಣಿಗಳು ಹೆಚ್ಚಬೇಕು. ಕಾಟ್ಲಾ, ರೋಹು ತಿನ್ನುವುದು ಇವನ್ನು. ಕೊಳೆಯುವ ಕೆಲಸಕ್ಕೆ ಆಮ್ಲಜನಕ ಬೇಕು. ಹಗಲಲ್ಲಿ ಬಿಸಿಲು ಇರುವ ತನಕ ಆ ಪಾಚಿಯೇ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ಸಗಣಿಯೂ ಕೊಳೆಯುತ್ತಲೇ ಇರುತ್ತದೆ. ಹೊಸದಾಗಿ ಕೊಡುವವರು ಯಾರೂ ಇಲ್ಲ. ಆದ್ದರಿಂದ ಹೊಂಡದಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚಿನ ಹೊತ್ತಿನಲ್ಲಿ. ಹಿಂದಿನ ದಿನ ಮೋಡ ಮುಸುಕಿದ್ದರಂತೂ ಸಾಲದೇ ಸಾಲದು.

ಮಧುಗಿರಿ ಕಡೆಯ ಯುವ ರೈತರೊಬ್ಬರು ಫೋನಿನಲ್ಲಿ, ಮೀನುಗಳು ಬೆಳಗಿನ ಜಾವ ಮೇಲೆ ಬಂದು ಚೆನ್ನಾಗಿ ಆಡುತ್ತಿವೆ ಎಂದು ಸಂತೋಷದಿಂದ ಹೇಳಿದರು. ನಾನು ಹೋಗುವ ವೇಳೆಗೆ ಬಿಸಿಲೇರಿತ್ತು, ಒಂದು ಮೀನೂ ಕಾಣಲಿಲ್ಲ. ನಿಜವಾದ ವಿಷಯ ಹೇಳಿದವರು ಅವರ ತಾಯಿ. ಹಾಲು ಕರೆಯಲು ಎಲ್ಲರಿಗಿಂತ ಮೊದಲು ಏಳುವವರು ಅವರೇ. "ಆಡುವುದಲ್ಲ ಸ್ವಾಮಿ, ಬಾಯಿ ಬಾಯಿ ಬಿಡುತ್ತವೆ. ಹೊತ್ತು ಹುಟ್ಟಿದ ಮೇಲೆ ಕೆಳಗೆ ಹೋಗುತ್ತವೆ. ಮೋಡದ ದಿನ ಹೋಗುವುದೇ ಇಲ್ಲ" ಎಂದರು. ಯಾವ ಉಪಕರಣವೂ ಇಲ್ಲದೆ ಆಕೆ ಹೊಂಡದ ರೋಗವನ್ನು ಕರಾರುವಾಕ್ಕಾಗಿ ಗುರುತಿಸಿದ್ದರು. ಮನೆಯಲ್ಲಿ ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ತರಬೇತಿಗೆ ಗಂಡಸರನ್ನಷ್ಟೇ ಕರೆದು ಊಟ ಹಾಕಿ ಕಳಿಸುವ ನಮ್ಮ ಪದ್ಧತಿಯ ಬಗ್ಗೆ ನನಗೆ ಸಿಟ್ಟು ಬರುವುದು ಇಂಥ ಕಡೆ. ದನ ನೋಡಿಕೊಳ್ಳುವವರು ಯಾರೋ ಅವರನ್ನು ಕರೆಯಬೇಕು.

ಮೀನು ಹಾಗೆ ಬಾಯಿ ಬಿಡುವುದನ್ನು ಕಂಡರೆ ಸಗಣಿಯನ್ನೂ ಮೀನಿನ ಮೇವನ್ನೂ ಅಂದೇ ನಿಲ್ಲಿಸಿ. ಪಂಪು ಹಾಕಿ ಹೊಂಡದ ನೀರನ್ನೇ ಎತ್ತಿ ಮಳೆಯಂತೆ ಮತ್ತೆ ಹೊಂಡಕ್ಕೆ ಬೀಳಿಸಿ. ಕೊಳವೆಬಾವಿ ನೀರು ಬಿಡುವುದಾದರೂ ಪೈಪನ್ನು ನೀರಿನೊಳಗೆ ಮುಳುಗಿಸಬೇಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದು ಗಾಳಿಯಲ್ಲಿ ಸಿಡಿದು ಬೀಳಬೇಕು.

ಸಗಣಿ ಯಾವಾಗ ಹಾಕಬೇಕೆಂದು ತಿಳಿಯಲು ನಿಮ್ಮ ಕೈಯೇ ಸಾಕು. ಬಿಸಿಲು ಚೆನ್ನಾಗಿರುವಾಗ ತೋಳನ್ನು ನೇರವಾಗಿ ಮೊಣಕೈವರೆಗೆ ನೀರಿಗೆ ಇಳಿಸಿ. ಅಂಗೈ ಆಗಷ್ಟೇ ಮರೆಯಾದರೆ ನೀರು ಹದವಾಗಿದೆ. ಮೊಣಕೈ ಮುಳುಗಿದ ಮೇಲೂ ಅಂಗೈ ಸ್ಪಷ್ಟವಾಗಿ ಕಂಡರೆ ಒಂದು ಬಕೆಟ್ ಸಗಣಿಯನ್ನು ನೀರಿನಲ್ಲಿ ತೆಳ್ಳಗೆ ಕದಡಿ, ಬೆಳಗಿನ ಬಿಸಿಲಲ್ಲಿ ಸುತ್ತಲೂ ಎರಚಿ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಾದರೆ ಹಲವು ದಿನ ಹೊಂಡದ ಕಡೆ ಸಗಣಿ ತರಲೇಬೇಡಿ. ಮಳೆಯ ಮಣ್ಣುನೀರು ಸೇರಿ ಕೆಂಪಾಗಿರುವಾಗ ಈ ಪರೀಕ್ಷೆ ನಡೆಯುವುದಿಲ್ಲ, ಮಣ್ಣು ತಳಕ್ಕೆ ಕೂರುವವರೆಗೆ ಕಾಯಬೇಕು. ತೌಡು, ಹಿಂಡಿ ಕೊಡುವವರು ಸಗಣಿಯನ್ನು ಇನ್ನೂ ಕಡಿಮೆ ಮಾಡಬೇಕು. ಗೋಬರ್ ಗ್ಯಾಸ್ ಇದ್ದವರು ಅದರಿಂದ ಹೊರಬರುವ ಬಗ್ಗಡವನ್ನೇ ಬಳಸುವುದು ಮೇಲು. ಅದು ಈಗಾಗಲೇ ಬಹುಪಾಲು ಕೊಳೆತಿರುವುದರಿಂದ ನೀರಿನ ಆಮ್ಲಜನಕವನ್ನು ಅಷ್ಟಾಗಿ ಕಬಳಿಸುವುದಿಲ್ಲ.

ಮೀನುಮರಿಗಳ ವಿಷಯದಲ್ಲೂ ಜಾಸ್ತಿ ಹಾಕುವ ಇದೇ ಆಸೆ. ಎಕರೆಗೆ 2,000 ಮರಿ ಎಂದರೆ ಗುಂಟೆಗೆ 50. ನಮ್ಮ ಹೊಂಡಕ್ಕೆ 220 ಮರಿ ಸಾಕು.

ಇನ್ನೊಂದು ಮಾತು. ಕಡಲೆಕಾಯಿ ಹೂ ಬಿಟ್ಟು ಮಳೆ ಕೈಕೊಟ್ಟಾಗ ಮೀನಿನ ಮುಖ ನೋಡುತ್ತ ಕೂರುವಂತಿಲ್ಲ. ನಮ್ಮ ಸೀಮೆಯಲ್ಲಿ ಹೊಂಡ ಇರುವುದೇ ಬೆಳೆ ಉಳಿಸಲು. ಧಾರಾಳವಾಗಿ ನೀರೆತ್ತಿ, ಆದರೆ ನೀರು ಇಳಿದಷ್ಟೂ ಸಗಣಿಯನ್ನು ಇಳಿಸಿ, ಮಾರುವ ಗಾತ್ರಕ್ಕೆ ಬಂದ ಮೀನನ್ನು ಹಿಡಿದು ಮಾರುತ್ತ ಬನ್ನಿ. ಬೇಲಿ ಹಾಕದೆ, ಹಿಡಿದು ಹತ್ತಲು ಗಟ್ಟಿ ಹಗ್ಗ ಇಳಿಬಿಡದೆ ಯಾರನ್ನೂ ಅಂಚಿಗೆ ಬಿಡಬೇಡಿ. ಪಾಲಿಥೀನ್ ಮೇಲೆ ಜಾರಿದರೆ ಈಜು ಬಲ್ಲವರೂ ಮೇಲೆ ಬರಲಾರರು.

ಉಳಿದ ಸಗಣಿ ಎಲ್ಲಿಗೆ? ತಿಪ್ಪೆಗೆ, ಎರೆಗೊಬ್ಬರದ ತೊಟ್ಟಿಗೆ, ರಾಗಿ ಹೊಲಕ್ಕೆ. ಮೋರಿಯ ನೀರನ್ನು ಒಂದು ಗುಂಡಿಯಲ್ಲಿ ನಿಲ್ಲಿಸಿ ನೇಪಿಯರ್ ಹುಲ್ಲಿಗೆ ಬಿಡಿ. ಹಾಗೆ ಮಾಡಲು ಇನ್ನೂ ದೊಡ್ಡ ಕಾರಣವಿದೆ. ಉಣ್ಣೆ ಹುಳುವಿಗೆಂದು ಹಸುವಿನ ಮೈಗೆ ಹಚ್ಚುವ ಔಷಧಿಗಳಲ್ಲಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯವು ಮೀನಿಗೆ ಘೋರ ವಿಷ. ಹಸುವಿಗೆ ಏನೂ ಆಗದಷ್ಟು ಅಲ್ಪ ಪ್ರಮಾಣವೂ ಮೈ ತೊಳೆದ ನೀರಿನೊಡನೆ ಹೊಂಡಕ್ಕೆ ಹರಿದರೆ ಮೀನಿನ ಜೀವ ತೆಗೆಯಬಹುದು. ಔಷಧಿ ಹಚ್ಚಿದ ಹಸುವನ್ನು ಹೊಂಡದಿಂದ ದೂರ ಕಟ್ಟಿ, ಅದರ ಡಬ್ಬಿ, ಬ್ರಷ್ಷುಗಳನ್ನು ಹೊಂಡದ ನೀರಿನಲ್ಲಿ ತೊಳೆಯಬೇಡಿ. ಜಂತುನಾಶಕ ಕುಡಿಸಿದ ಮೇಲೆ ಆ ಹಸುವಿನ ಸಗಣಿಯನ್ನು ಎಷ್ಟು ದಿನ ಹೊಂಡಕ್ಕೆ ಹಾಕಬಾರದು ಎಂಬುದನ್ನು ಔಷಧಿ ಬರೆದುಕೊಟ್ಟ ಪಶುವೈದ್ಯರನ್ನೇ ಕೇಳಿ. ಅದು ಎಲ್ಲ ಔಷಧಿಗೂ ಒಂದೇ ಅಲ್ಲ, ಮೀನು ಸಾಕಿದ್ದೀರಿ ಎಂದು ನೀವು ಹೇಳದೆ ಅವರಿಗೂ ತಿಳಿಯುವುದಿಲ್ಲ.