ನಕಲು ಮಾಡಿದರೆ 5 ಮಿಲಿಮೀಟರ್ ಗಿಡ್ಡ

ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿರುತ್ತೀರಿ. ಸಿಂಹದ ಮುಖ, ಇಸವಿ ಎಲ್ಲಾ ನಿಧಾನಕ್ಕೆ ಮೂಡುತ್ತಿತ್ತು, ಅಲ್ವಾ? ಹಳೇ ರೈಲು ಎಂಜಿನ್‌ಗಳ ಹುಚ್ಚು ಹತ್ತಿದವರು ದೊಡ್ಡವರಾದ ಮೇಲೂ ಇದನ್ನೇ ಮಾಡುತ್ತಾರೆ. ನಾಣ್ಯದ ಜಾಗದಲ್ಲಿ ಎಂಜಿನ್ನಿನ ಪಕ್ಕೆಗೆ ಬಿಗಿದ ಲೋಹದ ಫಲಕ ಇರುತ್ತದೆ, ಅಷ್ಟೇ. ಅದರ ಮೇಲೆ ಹೆಚ್ಚೇನೂ ಬರೆದಿರುವುದಿಲ್ಲ. ಯಾರು ಕಟ್ಟಿದ್ದು, ಎಷ್ಟನೆಯದು, ಯಾವ ಇಸವಿ.

ಎಂಜಿನ್ನಿನ ಮೂತಿ ಮೇಲೆ ದಪ್ಪ ಅಕ್ಷರದಲ್ಲಿ ನಂಬರ್ ಇರುವಾಗ ಇದ್ಯಾಕೆ ಬೇಕು? ಆ ನಂಬರ್ ರೈಲ್ವೆಯವರು ಕೊಟ್ಟಿದ್ದು. ಅವರು ಬೇಕೆಂದಾಗ ಬದಲಿಸುತ್ತಾರೆ. ಬ್ರಿಟನ್ನಿನಲ್ಲಿ 'ಡೆಲ್ಟಿಕ್' ಅಂತ 3300 ಅಶ್ವಶಕ್ತಿಯ 22 ಡೀಸೆಲ್ ಎಂಜಿನ್‌ಗಳಿದ್ದವು. 1961ರಿಂದ ಬಂದ ಇವುಗಳ ಸಾಲಿನಲ್ಲಿ ಮೊದಲ ನಂಬರ್ ಡಿ9000. 1970ರ ದಶಕದಲ್ಲಿ ನಂಬರ್‌ಗಳೆಲ್ಲ ಕಂಪ್ಯೂಟರಿಗೆ ಹೋದವು. ಡಿ9001 ಸಲೀಸಾಗಿ 55001 ಆಯಿತು. ಆದರೆ ಕೊನೆಯಲ್ಲಿ ಮೂರು ಸೊನ್ನೆ ಬರುವ ನಂಬರ್ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಹಾಗಾಗಿ ಡಿ9000ಕ್ಕೆ ಸಿಕ್ಕಿದ್ದು 55022. ಪಾಪ, ಹಿರೀಮಗ ಹಾಜರಿ ಪುಸ್ತಕದಲ್ಲಿ ಕಟ್ಟಕಡೆಗೆ!

ನಮ್ಮಲ್ಲೂ ಇಂಥ ತಮಾಷೆ ಇದೆ. ಕಪ್ಪು ಹೊಗೆ ಕಾರುತ್ತಾ ಗುಡುಗುಡು ಅಂತ ಬರುತ್ತಿದ್ದ ಡಬ್ಲ್ಯುಡಿಎಂ-2 ಎಂಜಿನ್ ನಿಮಗೆ ನೆನಪಿರಬಹುದು. ಹದಿನಾರು ಸಿಲಿಂಡರ್, 2600 ಅಶ್ವಶಕ್ತಿ. 1960ರ ದಶಕದ ಆರಂಭದಲ್ಲಿ ಇವು ಅಮೆರಿಕದ ಆಲ್ಕೋ ಕಂಪನಿಯಿಂದ ಹಡಗಿನಲ್ಲಿ ಬಂದವು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾಗತೊಡಗಿದವು. ವಿನ್ಯಾಸ ಒಂದೇ ಆದ್ದರಿಂದ ದೂರದಿಂದ ನೋಡಿದರೆ ಅವಳಿ ಜವಳಿ. ತವರು ಯಾವುದು ಅಂತ ಫಲಕವನ್ನೇ ಕೇಳಬೇಕು. ಶೆಡ್ಡಿನಲ್ಲಿ ರಿಪೇರಿ ಮಾಡುವಾಗ ಮೋಟಾರು, ಗಾಲಿ, ಕೆಲವೊಮ್ಮೆ ಇಡೀ ಡೀಸೆಲ್ ಯಂತ್ರವನ್ನೇ ಇನ್ನೊಂದರಿಂದ ತಂದು ಕೂರಿಸುತ್ತಾರೆ. ಆದರೂ ಫಲಕದ ಲೆಕ್ಕದಲ್ಲಿ ಅದು ಅದೇ ಎಂಜಿನ್. ಹೆಂಚು ಬದಲಾಗಿ, ತೊಲೆ ಬದಲಾದರೂ ಅದು ತಾತನ ಮನೆಯೇ ಅನ್ನುತ್ತೇವಲ್ಲ, ಹಾಗೆ.

ಇಂಥ ಫಲಕಗಳಿಗೆ ಒಳ್ಳೇ ಬೆಲೆ ಇದೆ. ಬೆಲೆ ಇದ್ದಲ್ಲಿ ನಕಲಿಯೂ ಬರುತ್ತದೆ. ನನಗೆ ಮಜಾ ಅನಿಸುವ ವಿಷಯ ಇರುವುದು ಇಲ್ಲೇ.

ಹಿತ್ತಾಳೆ ಫಲಕ ಮಾಡುವುದು ಹೀಗೆ. ಮೊದಲು ಮರದಲ್ಲಿ ಅದೇ ಆಕಾರದ ಮಾದರಿ ಕೆತ್ತುತ್ತಾರೆ. ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಸಿದ್ಧ. ಅದಕ್ಕೆ ಸುಮಾರು 900 ಡಿಗ್ರಿಗಿಂತ ಜಾಸ್ತಿ ಕಾದು ಕರಗಿದ ಹಿತ್ತಾಳೆ ಹೊಯ್ಯುತ್ತಾರೆ. ಅದು ಗಟ್ಟಿಯಾಗಿ, ಕೈಯಲ್ಲಿ ಮುಟ್ಟುವಷ್ಟು ತಣಿಯುವ ಹೊತ್ತಿಗೆ ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗಿರುತ್ತದೆ. ಕಾದಾಗ ಜೋರಾಗಿ ಅಲ್ಲಾಡುತ್ತಾ ದೂರ ಸರಿದಿದ್ದ ಪರಮಾಣುಗಳು ತಣ್ಣಗಾದಂತೆ ಹತ್ತಿರ ಬಂದು ಕೂರುತ್ತವೆ. ಯಾರೂ ಇದನ್ನು ತಡೆಯೋಕಾಗಲ್ಲ.

ಮಾದರಿ ಮಾಡುವ ಬಡಗಿಗೆ ಇದು ಗೊತ್ತು. ಅವನ ಸ್ಕೇಲೇ ಬೇರೆ. ನೋಡಲು ಮಾಮೂಲಿ ಒಂದಡಿ ಸ್ಕೇಲು, ಆದರೆ ಅದರ 12 ಇಂಚು ನಮ್ಮ 12 ಇಂಚಿಗಿಂತ ಸ್ವಲ್ಪ ಉದ್ದ. ಕುಗ್ಗುವುದನ್ನು ಗೆರೆಗಳಲ್ಲೇ ಸೇರಿಸಿಬಿಟ್ಟಿರುತ್ತಾರೆ. ಎಷ್ಟು ಜಾಣತನ ನೋಡಿ, ಲೆಕ್ಕ ಹಾಕುವ ಗೋಜೇ ಇಲ್ಲ!

ನಕಲಿ ಮಾಡುವವನ ಹತ್ತಿರ ಆ ಮರದ ಮಾದರಿ ಎಲ್ಲಿಂದ ಬರಬೇಕು? ಅಸಲಿ ಫಲಕವನ್ನೇ ಮರಳಿಗೆ ಒತ್ತುತ್ತಾನೆ. ಅದು ಆಗಲೇ ಒಂದು ಸಲ ಕುಗ್ಗಿದ್ದು. ಈಗ ಹೊಯ್ದ ಹಿತ್ತಾಳೆ ಮತ್ತೊಂದು ಸಲ ಕುಗ್ಗುತ್ತದೆ. ಒಂದಡಿ ಉದ್ದದ ಫಲಕವಾದರೆ ನಕಲು ಹತ್ತಿರ ಹತ್ತಿರ 5 ಮಿಲಿಮೀಟರ್ ಗಿಡ್ಡ. ಕಣ್ಣಿಗೆ ಗೊತ್ತಾಗಲ್ಲ, ಅಳತೆಪಟ್ಟಿಗೆ ಗೊತ್ತಾಗುತ್ತದೆ. ನಕಲಿನ ನಕಲು ಇನ್ನೂ ಗಿಡ್ಡ.

ಡೀಸೆಲ್ ಕಾಲಕ್ಕೆ ಬರುವಾಗ ಆಸಿಡ್‌ನಿಂದ ಅಕ್ಷರ ಕೊರೆದ ತೆಳು ಸ್ಟೀಲ್ ತಗಡುಗಳೂ ಬಳಕೆಗೆ ಬಂದವು. ಅಲ್ಲಿ ಕುಗ್ಗುವ ಮಾತಿಲ್ಲ. ಆದರೆ ನಂಬರನ್ನು ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದಿದ್ದರೆ ಬೇರೆ ಸಾಕ್ಷಿ ಸಿಗುತ್ತದೆ. ಏಟು ಬಿದ್ದ ಜಾಗದಲ್ಲಿ ಗುಳಿಯ ಅಡಿಯ ಲೋಹವೂ ನಜ್ಜುಗುಜ್ಜಾಗಿರುತ್ತದೆ. ಮೇಲಿನ ನಂಬರ್ ಉಜ್ಜಿ ಅಳಿಸಿದರೂ, ಸರಿಯಾದ ಆಸಿಡ್ ಹಚ್ಚಿದರೆ ನಜ್ಜಾದ ಭಾಗ ಬೇರೆ ರೀತಿ ಸವೆದು ಹಳೇ ಅಂಕಿ ಮತ್ತೆ ಕಾಣುತ್ತದೆ. ಕದ್ದ ಬೈಕಿನ ಅಳಿಸಿದ ಚಾಸಿ ನಂಬರನ್ನು ಪತ್ತೆ ಮಾಡುವುದೂ ಹೀಗೇ. ತೀರಾ ಆಳಕ್ಕೆ ಉಜ್ಜಿಬಿಟ್ಟಿದ್ದರೆ ಮಾತ್ರ ಏನೂ ಸಿಗಲ್ಲ.

ಇನ್ನು ಪೆನ್ಸಿಲ್ ಉಜ್ಜಿದ ಆ ಕಾಗದ. ಫೋಟೋದಲ್ಲಿ ಫಲಕ ಚಿಕ್ಕದೂ ಆಗಬಹುದು, ದೊಡ್ಡದೂ ಆಗಬಹುದು. ಉಜ್ಜಿದ ಕಾಗದದಲ್ಲಿ ಅದು ಇದ್ದ ಅಳತೆಯಲ್ಲೇ ಇರುತ್ತದೆ. ಎಂಜಿನ್ ಗುಜರಿಗೆ ಹೋಗುವ ಮೊದಲು ಯಾರೋ ಉಜ್ಜಿಟ್ಟ ಹಾಳೆ ನಿಮ್ಮ ಕೈಗೆ ಸಿಕ್ಕರೆ, ಮಾರಾಟಕ್ಕೆ ಬಂದ ಫಲಕದ ಮೇಲೆ ಅದನ್ನು ಸುಮ್ನೆ ಹಾಸಿ ನೋಡಿ. ಎಡಗಡೆಯ ಅಂಚು ಕೂಡಿಸಿಟ್ಟುಕೊಂಡು, ಬಲಗಡೆಯ ಕೊನೇ ಅಕ್ಷರ ಎಲ್ಲಿದೆ ಅಂತ ನೋಡಬೇಕು.