ಧ್ಯಾನಕ್ಕೆ ಕೂತರೆ ನನ್ನ ಮೇಲೇ ಸಿಟ್ಟು ಬರುತ್ತದೆ, ಬಿಟ್ಟುಬಿಡಲೇ?

ಪ್ರಶ್ನೆ: ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಉಸಿರು ಗಮನಿಸುತ್ತಾ ಕೂರುತ್ತೇನೆ. ಎರಡೇ ನಿಮಿಷಕ್ಕೆ ಆಫೀಸು, ಸಾಲ, ಹಳೇ ಜಗಳ ಎಲ್ಲ ನುಗ್ಗಿ ಬರುತ್ತವೆ. 'ಇಷ್ಟೂ ಆಗಲ್ವಾ ನಿನಗೆ' ಅಂತ ನನ್ನನ್ನೇ ಬೈದುಕೊಂಡು ಎದ್ದುಬಿಡುತ್ತೇನೆ. ನನಗೆ ಧ್ಯಾನ ಒಗ್ಗುವುದಿಲ್ಲವೇ?

ಉತ್ತರ: ದಯವಿಟ್ಟು ಬಿಡಬೇಡಿ. ದಿನವಿಡೀ ಕೆಲಸ, ಮಾತು, ಮೊಬೈಲಿನ ನಡುವೆ ಗಮನಕ್ಕೇ ಬಾರದ ಯೋಚನೆಗಳು ಸುಮ್ನೆ ಕೂತಾಗ ಕಾಣಿಸುತ್ತವೆ, ಅಷ್ಟೇ. ಗಮನವಿಡುವುದನ್ನು ಕಲಿಸುವ 'ಸತಿಪಟ್ಠಾನ ಸುತ್ತ' ಎಂಬ ಉಪದೇಶದಲ್ಲಿ ಬುದ್ಧ ಇದನ್ನು ನೇರವಾಗಿಯೇ ಹೇಳಿದ್ದಾನೆ. ಮನಸ್ಸು ಚೆದುರಿದ್ದರೆ ಚೆದುರಿದೆ ಎಂದು ತಿಳಿಯಬೇಕು, ಸಿಟ್ಟಿದ್ದರೆ ಸಿಟ್ಟಿದೆ ಎಂದು ತಿಳಿಯಬೇಕು. ಹಾಗಾಗಿ 'ಓ, ಸಾಲದ ಯೋಚನೆ ಬಂತು' ಎಂದು ಗೊತ್ತಾದ ಗಳಿಗೆಯೂ ಧ್ಯಾನವೇ. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ ಕಲಿಸಿದ ಕ್ರಮ ನಿಮಗೆ ಒಗ್ಗಬಹುದು. ಉಸಿರಾಡುವಾಗ ಹೊಟ್ಟೆ ಉಬ್ಬಿ ಇಳಿಯುವುದನ್ನು ಗಮನಿಸಿ. ನಡುವೆ ಏನಾದರೂ ನುಗ್ಗಿದರೆ ಮನಸ್ಸಿನಲ್ಲೇ 'ಯೋಚನೆ, ಯೋಚನೆ' ಎಂದು ಗುರುತಿಸಿ, ಮತ್ತೆ ಹೊಟ್ಟೆಯ ಕಡೆ ಬನ್ನಿ.

ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಆ ಬೈಗುಳ. ನೋವಾದಾಗ ಅದರ ಮೇಲೆ ಗೋಳಾಡುವವನು ಎರಡು ಬಾಣ ತಿಂದವನ ಹಾಗೆ ಎನ್ನುತ್ತಾನೆ ಬುದ್ಧ. ನಿಮಗೆ ಸಾಲದ ಚಿಂತೆ ಮೊದಲ ಬಾಣ. 'ಇಷ್ಟೂ ಆಗಲ್ವಾ' ಎನ್ನುವುದು ಎರಡನೆಯದು. ಆ ಬಾಣ ಹೊಡೆಯುತ್ತಿರುವವರು ನೀವೇ, ಅಲ್ವಾ?

ಕೋಸಲದ ರಾಜ ಪಸೇನದಿ ಒಮ್ಮೆ ರಾಣಿ ಮಲ್ಲಿಕೆಯನ್ನು ಕೇಳಿದ: ನಿನಗಿಂತ ಹೆಚ್ಚು ಪ್ರೀತಿಯವರು ನಿನಗೆ ಯಾರಾದರೂ ಇದ್ದಾರಾ? ಇಲ್ಲ ಎಂದಳು ಆಕೆ. ರಾಜನ ಉತ್ತರವೂ ಅದೇ ಆಗಿತ್ತು. ಬುದ್ಧ ಇದನ್ನು ಕೇಳಿ ಅವರನ್ನು ಸ್ವಾರ್ಥಿಗಳೆಂದು ಗದರಲಿಲ್ಲ. ಎಲ್ಲರಿಗೂ ತಾವು ಹಾಗೇ ಪ್ರಿಯರು, ಆದ್ದರಿಂದ ಯಾರನ್ನೂ ಹಿಂಸಿಸಬಾರದು ಎಂದ. ನನಗೆ ತುಂಬಾ ಇಷ್ಟವಾದ ಪ್ರಸಂಗ ಇದು. 5ನೇ ಶತಮಾನದಲ್ಲಿ ಬೌದ್ಧ ಪಂಡಿತ ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ' ಎಂಬ ಗ್ರಂಥದಲ್ಲಿ ಮೈತ್ರಿ ಧ್ಯಾನ, ಅಂದರೆ ಒಳಿತು ಹಾರೈಸುವ ಧ್ಯಾನ, ಶುರುವಾಗುವುದೂ ತನ್ನಿಂದಲೇ. ಆಮೇಲೆ ಗೌರವಿಸುವ ಗುರು, ಆಪ್ತ ಗೆಳೆಯ, ಪರಿಚಯವಷ್ಟೇ ಇರುವವರು, ಕೊನೆಗೆ ಆಗದವರು.

ಹಾಗಾಗಿ ಉಸಿರು ಗಮನಿಸುವ ಮೊದಲು ಐದು ನಿಮಿಷ 'ನಾನು ಸುಖವಾಗಿರಲಿ, ನನಗೆ ಭಯವಿಲ್ಲದಿರಲಿ' ಎಂದುಕೊಳ್ಳಿ. ಮೊದಮೊದಲು ಬಾಯಿಪಾಠದಂತೆ ಅನ್ನಿಸುತ್ತದೆ. ಅನ್ನಿಸಲಿ. ಹಳೇ ಜಗಳದವರನ್ನು ಈಗಲೇ ತರಬೇಡಿ, ಅವರ ಸರದಿ ಕೊನೆಗೆ.

ಇದ್ದ ಹಾಗೆ ನಮ್ಮನ್ನು ಒಪ್ಪಿಕೊಂಡರೆ ಸೋಮಾರಿಗಳಾಗುತ್ತೇವೆ ಎಂಬ ಭಯ ಹಲವರಿಗಿದೆ. ಆದರೆ ಬುದ್ಧ ಹೇಳಿದ ಎಂಟು ಅಂಗಗಳ ದಾರಿಯಾದ ಅಷ್ಟಾಂಗ ಮಾರ್ಗದಲ್ಲಿ ಸರಿಯಾದ ಪ್ರಯತ್ನವೂ ಒಂದು ಅಂಗ. ಸಾಲ ತೀರಿಸಲೇಬೇಕು, ಆದರೆ ಅದಕ್ಕೆ ಬೈಗುಳ ಬೇಕಿಲ್ಲ.

ಶಿಬಿರಕ್ಕೆ ಹೋಗುವ ಆಸೆ ಇದ್ದರೆ, ಎಸ್. ಎನ್. ಗೋಯೆಂಕಾ 1969ರಲ್ಲಿ ಬರ್ಮಾದಿಂದ ಬಂದು ಭಾರತದಲ್ಲಿ ಕಲಿಸತೊಡಗಿದ ವಿಪಶ್ಯನ ಎಂಬ ಬೌದ್ಧ ಧ್ಯಾನದ 10 ದಿನಗಳ ಶಿಬಿರಗಳಿವೆ. ಬೆಂಗಳೂರಿನ ಹತ್ತಿರದ ಧಮ್ಮ ಪಫುಲ್ಲ ಎಂಬ ಕೇಂದ್ರದಲ್ಲೂ ನಡೆಯುತ್ತವೆ. ಶುಲ್ಕವಿಲ್ಲ. ಬೆಳಗಿನ 4ಕ್ಕೆ ಏಳಬೇಕು, ಮೌನವಾಗಿರಬೇಕು, ಮೊಬೈಲು ಕೊಟ್ಟುಬಿಡಬೇಕು. ಮನೆಯಲ್ಲಿ ಎರಡು ನಿಮಿಷ ಕೂರುವವರಿಗೆ ಅದು ದೊಡ್ಡ ಜಿಗಿತ. ನಿದ್ದೆ, ಊಟ ಬಿಟ್ಟುಹೋಗುವಷ್ಟು ದುಗುಡವಿದ್ದರೆ ಮೊದಲು ಮನೋವೈದ್ಯರನ್ನು ಕಾಣಿ. ಶಿಬಿರದ ಅರ್ಜಿಯಲ್ಲೂ ಆರೋಗ್ಯದ ಬಗ್ಗೆ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.