ಚಳಿಗಾಲದ ಅಡುಗೆಮನೆ: ದುಡ್ಡು ಹೋಗೋದು ಬೇಳೆಗಲ್ಲ, ಬಿಸಿಗೆ

ಚಳಿ ಶುರುವಾಯ್ತು ಅಂದ್ರೆ ಸಲಹೆಗೆ ಬರೋ ಮನೆಯವರು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, ಖರ್ಚು ಇಳಿಸ್ಬೇಕು, ದಿನಸಿ ಚೀಟಿಯಲ್ಲಿ ಯಾವುದನ್ನ ಹೊಡೆದು ಹಾಕೋಣ ಹೇಳಿ ಅಂತ. ಮನೆಗಳ ಊಟದ ಮತ್ತೆ ಇಂಧನದ ಲೆಕ್ಕ ನೋಡೋದು ನನ್ನ ಕೆಲಸ. ನಾನು ಚೀಟಿ ಪಕ್ಕಕ್ಕಿಟ್ಟು ಮೊದಲು ಕೇಳೋದು ಗ್ಯಾಸ್ ಎಷ್ಟು ದಿನ ಬಂತು, ಕರೆಂಟ್ ಬಿಲ್ ಎಷ್ಟು ಏರಿತು, ಪಾತ್ರೆಗೆ ಮುಚ್ಚಳ ಮುಚ್ತೀರಾ ಅಂತ. ಕೊನೇ ಪ್ರಶ್ನೆಗೆ ಎಲ್ರೂ ನಗ್ತಾರೆ, ಆದ್ರೆ ಉಳಿತಾಯ ಅಡಗಿರೋದು ಅಲ್ಲೇ. ಅಕ್ಕಿ, ಬೇಳೆ, ಕಾಳು, ಆಲೂಗಡ್ಡೆ, ಈರುಳ್ಳಿ ತಿಂದುಕೊಂಡು ಇರೋ ಮನೆಯಲ್ಲಿ ಸಾಮಾನಿನಿಂದ ಇನ್ನೇನು ಕಿತ್ತು ಹಾಕೋಕಾಗುತ್ತೆ ಹೇಳಿ, ಕಿತ್ತರೆ ಹೊಟ್ಟೆಗೇ ಕಮ್ಮಿ ಆಗೋದು, ಅದೂ ಚಳಿಯಲ್ಲಿ. ಉಳಿಸೋ ಜಾಗ ಇರೋದು ಒಲೆ ಮೇಲೆ, ಆಮೇಲೆ ಒಲೆ ಆರಿಸಿದ ಮೇಲೆ ಆ ಬಿಸಿ ಎಲ್ಲಿಗೆ ಹೋಗುತ್ತೆ ಅನ್ನೋದ್ರಲ್ಲಿ.

ಸ್ವಲ್ಪ ಲೆಕ್ಕ ನೋಡೋಣ, ಬೋರ್ ಆಗಲ್ಲ. 10 ಡಿಗ್ರಿ ತಣ್ಣಗಿರೋ ಒಂದು ಲೀಟರ್ ನೀರನ್ನ 100 ಡಿಗ್ರಿಗೆ ತರೋಕೆ ಸುಮಾರು 377 ಕಿಲೋಜೂಲ್ ಬಿಸಿ ಬೇಕು. ಅದೇ ನೀರು ಪೂರ್ತಿ ಆವಿಯಾಗಿ ಹೋಗೋಕೆ ಅದರ ಮೇಲೆ ಇನ್ನೂ 2257 ಕಿಲೋಜೂಲ್ ಬೇಕು, ಅಂದ್ರೆ ಕುದಿಸೋಕೆ ಬೇಕಾದ್ದರ ಆರು ಪಟ್ಟು. ಈಗ ಮುಚ್ಚಳ ಇಲ್ಲದೆ ದೊಡ್ಡ ಉರಿಯಲ್ಲಿ ಕೊತಕೊತ ಕುದೀತಿರೋ ಪಾತ್ರೆ ನೆನಪು ಮಾಡ್ಕೊಳ್ಳಿ, ಅಲ್ಲಿ ನೀವು ಗ್ಯಾಸ್ ಸುಡ್ತಿರೋದು ಬೇಳೆ ಬೇಯಿಸೋಕಲ್ಲ, ಅಡುಗೆಮನೆ ಗೋಡೆಗೆ ಆವಿ ಹೊಡೆಯೋಕೆ. ನೀರು ಸಣ್ಣಗೆ ಕುದಿಯಲಿ ಜೋರಾಗಿ ಕುದಿಯಲಿ ಅದರ ಬಿಸಿ ಅಷ್ಟೇ, ಉರಿ ಎರಡರಷ್ಟು ಮಾಡಿದ್ರೆ ಕಾಳು ಬೇಗ ಬೇಯಲ್ಲ. ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಳ ಮುಚ್ಚೋದು, ಇಷ್ಟನ್ನೇ ಸರಿಯಾಗಿ ಮಾಡಿದ್ರೂ ಸಾಕಷ್ಟು ಉಳಿಯುತ್ತೆ.

ಚಳಿಗಾಲದಲ್ಲಿ ನಲ್ಲಿ ನೀರೂ ತಣ್ಣಗೆ ಬರುತ್ತೆ, ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಬೇಸಿಗೆಯಲ್ಲಿ 25 ಡಿಗ್ರಿ ಇದ್ದ ನೀರು ಈಗ 10 ಡಿಗ್ರಿ ಆದ್ರೆ ಕುದಿಸೋಕೆ ಐದನೇ ಒಂದು ಭಾಗ ಜಾಸ್ತಿ ಬಿಸಿ ಬೇಕಾಗುತ್ತೆ, ಅದೂ ಪ್ರತಿ ಸಲ. ರಾತ್ರಿನೇ ನೀರು ತುಂಬಿ ಒಳಗೆ ಇಟ್ಟುಬಿಡಿ ಅಂತ ಕೆಲವರು ಹೇಳ್ತಾರೆ, ಒಳ್ಳೇದೇ, ಆದ್ರೆ ಹೀಟರ್ ಹಾಕಿರೋ ರೂಮಲ್ಲಿ ಇಟ್ರೆ ಆ ನೀರು ಕುಡಿಯೋದು ಹೀಟರ್‌ದೇ ಬಿಸಿ, ಪುಕ್ಕಟೆ ಏನೂ ಅಲ್ಲ.

ಕಾಳುಗಳ ವಿಷಯಕ್ಕೆ ಬಂದ್ರೆ ನೆನೆ ಹಾಕೋದು ಎಲ್ಲರಿಗೂ ಗೊತ್ತು, ಮಾಡೋರು ಕಮ್ಮಿ. ತಣ್ಣನೆ ನೀರಲ್ಲಿ ಕಾಳು ನಿಧಾನ ನೆನೆಯುತ್ತೆ, ಬೇಸಿಗೆಯ ಆರು ಗಂಟೆ ಈಗ ಸಾಲಲ್ಲ, ರಾತ್ರಿಯಿಡೀ ಬಿಡಿ. ನೆನೆಸೋ ನೀರಿಗೆ ಸ್ವಲ್ಪ ಉಪ್ಪು ಹಾಕಿದ್ರೆ ಸಿಪ್ಪೆ ಮೆತ್ತಗಾಗುತ್ತೆ, ಉಪ್ಪು ಹಾಕಿದ್ರೆ ಕಾಳು ಬೇಯಲ್ಲ ಅನ್ನೋ ಮಾತು ನಿಜ ಅಲ್ಲ. ಬೇಯೋದನ್ನ ತಡೆಯೋದು ಹುಳಿ, ಅದಕ್ಕೇ ಟೊಮೆಟೊ ಹುಳಿ ಏನಿದ್ರೂ ಕಾಳು ಮೆತ್ತಗಾದ ಮೇಲೇ ಹಾಕ್ಬೇಕು, ಮೊದಲೇ ಹಾಕಿ ಆಮೇಲೆ ಒಂದು ಗಂಟೆ ಬೈದುಕೊಂಡು ಬೇಯಿಸೋದಲ್ಲ. ಗಡಸು ನೀರೂ ಹಾಗೇ, ಹಳೇ ಕಾಳೂ ಹಾಗೇ, ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಕಾಳು ಎಷ್ಟು ಅಗ್ಗಕ್ಕೆ ಸಿಕ್ಕಿದ್ರೂ ಗ್ಯಾಸ್ ಲೆಕ್ಕ ಸೇರಿಸಿದ್ರೆ ದುಬಾರಿನೇ.

ಕುಕ್ಕರ್ ಇರೋರು ಇನ್ನೊಂದು ಗಮನಿಸಿ. ಕುಕ್ಕರ್ ಒಳಗೆ ಒತ್ತಡದಿಂದ ನೀರು ಸುಮಾರು 120 ಡಿಗ್ರಿವರೆಗೆ ಹೋಗುತ್ತೆ, ಅದಕ್ಕೇ ಬೇಗ ಬೇಯೋದು. ವಿಷಲ್ ಅಂದ್ರೆ ಒತ್ತಡ ಜಾಸ್ತಿಯಾಗಿ ಆವಿ ಹೊರಗೆ ಹೋಗ್ತಿದೆ ಅಂತ ಅರ್ಥ, ಅಡುಗೆ ಚೆನ್ನಾಗಿ ಆಗ್ತಿದೆ ಅಂತ ಅಲ್ಲ. ಮೊದಲ ವಿಷಲ್ ಬಂದ ತಕ್ಷಣ ಉರಿ ಪೂರ್ತಿ ಸಣ್ಣ ಮಾಡಿ ಗಡಿಯಾರ ನೋಡಿ ಬೇಯಿಸಿ, ಆರಿಸಿದ ಮೇಲೆ ತಾನಾಗೇ ಒತ್ತಡ ಇಳಿಯೋಕೆ ಬಿಡಿ, ಆ ಹೊತ್ತಲ್ಲಿ ಒಳಗಿನ ಕಾಳು ಪುಕ್ಕಟೆ ಬೇಯ್ತಿರುತ್ತೆ.

ಈಗ ನನಗೆ ತುಂಬಾ ಇಷ್ಟದ ವಿಷಯ, ಬಿಸಿ ಪೆಟ್ಟಿಗೆ. ಒಂದು ಮರದ ಅಥವಾ ರಟ್ಟಿನ ಡಬ್ಬ, ಇಲ್ಲಾ ಹಳೇ ಥರ್ಮೋಕೋಲ್ ಬಾಕ್ಸು, ಅದರೊಳಗೆ ಹುಲ್ಲು, ಹಳೇ ಕಂಬಳಿ, ಉಣ್ಣೆ ಸ್ವೆಟರ್, ಹತ್ತಿ ದಿಂಬು ಏನಿದ್ಯೋ ಅದು, ಪಾತ್ರೆಯ ಸುತ್ತ, ಕೆಳಗೆ, ಮೇಲೆ ಎಲ್ಲಾ ಕಡೆ ಕನಿಷ್ಠ ಒಂದು ಗೇಣಿನ ಹತ್ತಿರ ದಪ್ಪ ಇರೋ ಹಾಗೆ. ಅಡುಗೆ ಕುದಿಸಿ, ಒಳಗಿರೋದು ಮಧ್ಯದವರೆಗೆ ಬಿಸಿ ಆಗೋಷ್ಟು ಹೊತ್ತು ಸಣ್ಣ ಉರಿಯಲ್ಲಿ ಬಿಟ್ಟು, ಮುಚ್ಚಳ ತೆಗೆಯದೆ ಪಾತ್ರೆ ಸಮೇತ ಪೆಟ್ಟಿಗೆಗೆ ಇಳಿಸೋದು. ಅನ್ನಕ್ಕೆ ಐದು ನಿಮಿಷ ಕುದಿ ಸಾಕು, ಆಮೇಲೆ ಒಂದು ಗಂಟೆ ಪೆಟ್ಟಿಗೆ. ಬೇಳೆಗೆ ಹತ್ತು ನಿಮಿಷ ಕುದಿ, ಎರಡು ಮೂರು ಗಂಟೆ ಪೆಟ್ಟಿಗೆ. ಇದೇನು ಹೊಸದಲ್ಲ, 1867ರ ಪ್ಯಾರಿಸ್ ಪ್ರದರ್ಶನದಲ್ಲೇ ನಾರ್ವೆಯ ಇಂಥ ಒಲೆ ಇಟ್ಟಿದ್ರು, ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಧನಕ್ಕೆ ತತ್ವಾರ ಇದ್ದಾಗ ಬ್ರಿಟನ್ನಿನ ಮನೆಗಳಲ್ಲೂ ಹುಲ್ಲಿನ ಪೆಟ್ಟಿಗೆ ಬಳಸ್ತಿದ್ರು. ಇದು ಕೆಲಸ ಮಾಡೋಕೆ ಎರಡು ಷರತ್ತು ಇದೆ, ಜನ ಎಡವೋದು ಇಲ್ಲೇ. ಪಾತ್ರೆ ಮುಕ್ಕಾಲಾದ್ರೂ ತುಂಬಿರ್ಬೇಕು, ಒಂದು ಲೋಟ ಬೇಳೆ ದೊಡ್ಡ ಪಾತ್ರೆಯಲ್ಲಿಟ್ರೆ ಒಂದು ಗಂಟೆಯಲ್ಲಿ ತಣ್ಣಗಾಗಿ ಕೂತಿರುತ್ತೆ, ಅಂದ್ರೆ ಒಬ್ಬರೇ ಇರೋರು ಎರಡು ದಿನದ್ದು ಒಟ್ಟಿಗೆ ಮಾಡೋದು ಅಥವಾ ಸಣ್ಣ ಪಾತ್ರೆ ಹುಡುಕೋದು. ಇನ್ನೊಂದು, ಮಧ್ಯೆ ತೆಗೆದು ನೋಡ್ಬಾರ್ದು. ಬೆಂದಿದ್ಯಾ ಬೆಂದಿದ್ಯಾ ಅಂತ ನೋಡ್ತಾ ಇದ್ರೆ ಪ್ರತಿ ಸಲವೂ ಆವಿ ಹೊರಗೆ.

ಇದೇ ಪೆಟ್ಟಿಗೆ ಚಳಿಯಲ್ಲಿ ಮೊಸರಿಗೂ ಆಗುತ್ತೆ. ಹಾಲು ಕಾಯಿಸಿ 43 ಡಿಗ್ರಿ ಆಸುಪಾಸಿಗೆ ಆರಿಸಿ, ಅಂದ್ರೆ ಬೆರಳಿಟ್ರೆ ಬಿಸಿ ಅನ್ನಿಸ್ಬೇಕು, ಸುಡಬಾರ್ದು, ಹೆಪ್ಪು ಹಾಕಿ ಒಳಗಿಟ್ರೆ ಆರೇಳು ಗಂಟೆಯಲ್ಲಿ ಗಟ್ಟಿ ಮೊಸರು. ಚಳಿಗೆ ಮೊಸರು ಕೂರಲ್ಲ ಅಂತ ಹೆಪ್ಪು ಜಾಸ್ತಿ ಹಾಕೋರಿದ್ದಾರೆ, ಅದರಿಂದ ಹುಳಿ ಬರುತ್ತೆ ಅಷ್ಟೇ, ಬೇಕಾಗಿರೋದು ಹೆಪ್ಪಲ್ಲ, ಬೆಚ್ಚಗಿರೋ ಜಾಗ. ಬ್ರೆಡ್ ಹಿಟ್ಟಿಗೆ ಮಾತ್ರ ಈ ಗಡಿಬಿಡಿ ಬೇಡ, ಯೀಸ್ಟ್ ಕಮ್ಮಿ ಹಾಕಿ ತಣ್ಣನೆ ಅಡುಗೆಮನೆಯಲ್ಲಿ ರಾತ್ರಿಯಿಡೀ ಉಬ್ಬೋಕೆ ಬಿಡಿ, ರುಚಿ ಇನ್ನೂ ಚೆನ್ನಾಗಿ ಬರುತ್ತೆ.

ಇಲ್ಲೊಂದು ಎಚ್ಚರಿಕೆ ಹೇಳ್ಲೇಬೇಕು. ಕೆಂಪು ರಾಜ್ಮಾವನ್ನ ನೇರವಾಗಿ ಬಿಸಿ ಪೆಟ್ಟಿಗೆಗಾಗಲಿ ಸ್ಲೋ ಕುಕ್ಕರ್‌ಗಾಗಲಿ ಹಾಕಬೇಡಿ. ಅದರಲ್ಲಿ ಫೈಟೋಹಿಮಾಗ್ಲುಟಿನಿನ್ ಅನ್ನೋ ವಿಷ ಇದೆ, ಬಾಯಲ್ಲಿ ಹೇಳೋಕೆ ಕಷ್ಟ, ಹೊಟ್ಟೆಗೆ ಇನ್ನೂ ಕಷ್ಟ, ನಾಲ್ಕೈದು ಹಸಿ ಕಾಳು ತಿಂದ್ರೂ ಒಂದೆರಡು ಗಂಟೆಯಲ್ಲಿ ವಾಂತಿ ಭೇದಿ ಶುರುವಾಗಬಹುದು. ಇನ್ನೂ ಕೆಟ್ಟದ್ದೇನಂದ್ರೆ 80 ಡಿಗ್ರಿ ತರ ಅರೆಬರೆ ಬಿಸಿಯಲ್ಲಿ ಬೇಯಿಸಿದ್ರೆ ಆ ವಿಷ ಹಸಿ ಕಾಳಿಗಿಂತ ಜಾಸ್ತಿ ಆಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಕುದಿಸಬೇಕು. ಹತ್ತು ನಿಮಿಷ ಸಾಕು ಅಂತ ಲೆಕ್ಕ ಇದೆ, ನಾನು ಅರ್ಧ ಗಂಟೆ ಅಂತಲೇ ಹೇಳೋದು, ಅಷ್ಟು ಗ್ಯಾಸ್ ಇಲ್ಲಿ ಉಳಿಸಬೇಡಿ. ಆಮೇಲೆ ಬೇಕಾದ್ರೆ ಪೆಟ್ಟಿಗೆ.

ಇನ್ನು ಉಳಿದ ಅಡುಗೆ. ಚಳಿ ಇದೆ ಅಲ್ವಾ, ಕೆಡಲ್ಲ ಅಂತ ರಾತ್ರಿ ಪಾತ್ರೆ ಕಟ್ಟೆ ಮೇಲೇ ಬಿಡೋರು ಬಹಳ ಜನ. ನಮಗೆ ನಡುಗೋಷ್ಟು ಚಳಿ ಅನ್ನಿಸೋ 15 ಡಿಗ್ರಿ ಅಡುಗೆಮನೆ ಫ್ರಿಜ್ ಅಲ್ಲ, ಫ್ರಿಜ್ ಅಂದ್ರೆ 5 ಡಿಗ್ರಿಗಿಂತ ಕೆಳಗೆ. 5 ರಿಂದ 60 ಡಿಗ್ರಿ ಮಧ್ಯೆ ಬ್ಯಾಕ್ಟೀರಿಯಾ ಬೆಳೆಯುತ್ತೆ, ದೊಡ್ಡ ಪಾತ್ರೆಯ ಗಟ್ಟಿ ಸಾರು ಹೊರಗಡೆ ತಣ್ಣಗಿದ್ರೂ ಮಧ್ಯದಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತೆ. ಅನ್ನ ಇನ್ನೂ ಸೂಕ್ಷ್ಮ, ಅದರಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದ್ರೂ ಸಾಯಲ್ಲ, ಅದು ಮಾಡಿಟ್ಟ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಅಗಲ ತಟ್ಟೆಗಳಿಗೆ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್. ಬಿಸಿ ಪೆಟ್ಟಿಗೆಗೂ ಇದೇ ನಿಯಮ, ತೆಗೆದಾಗ ಹೊಗೆಯಾಡ್ತಾ 60 ಡಿಗ್ರಿ ಮೇಲೆ ಇದ್ರೆ ಊಟ ಮಾಡಿ, ಅದರ ಹತ್ತಿರ ಇಳೀತಿದ್ರೆ ತಡ ಮಾಡದೆ ಮತ್ತೆ ಕುದಿಸಿ, ಬೆಳಗ್ಗೆವರೆಗೂ ಅಲ್ಲೇ ಮರೆತಿದ್ರೆ ಚೆಲ್ಲಿ. ಚೆಲ್ಲೋಕೆ ಹೊಟ್ಟೆ ಉರಿಯುತ್ತೆ ನಿಜ, ಆಸ್ಪತ್ರೆ ಖರ್ಚು ಇನ್ನೂ ಉರಿಸುತ್ತೆ.

ಮುಚ್ಚಳ ಮುಚ್ಚಿ ಅಂತ ನಾನು ಹಠ ಹಿಡಿಯೋಕೆ ಇನ್ನೊಂದು ಕಾರಣ ಇದೆ. ಕಿಟಕಿ ಬಾಗಿಲು ಬಿಗಿಯಾಗಿ ಹಾಕಿರೋ ಮನೆಯಲ್ಲಿ ಆ ಆವಿ ಎಲ್ಲಾ ಹೋಗಿ ತಣ್ಣನೆ ಗೋಡೆ ಮೇಲೆ, ಬೀರು ಹಿಂದೆ, ಕಿಟಕಿ ಗಾಜಿನ ಮೇಲೆ ಕೂರುತ್ತೆ, ಅಲ್ಲಿಂದ ಬೂಸ್ಟು. ಒಳಗೇ ಬಟ್ಟೆ ಒಣಗಿಸೋರ ಮನೆಯಲ್ಲಂತೂ ಕೇಳೋದೇ ಬೇಡ. ಒದ್ದೆ ಗೋಡೆಯಿಂದ ಬಿಸಿ ಬೇಗ ಸೋರುತ್ತೆ, ತೇವದ ರೂಮು ಕಾಯೋದೂ ನಿಧಾನ. ಕಿಟಕಿ ದಿನವಿಡೀ ಸಣ್ಣಗೆ ತೆರೆದಿಡೋದಕ್ಕಿಂತ ಅಡುಗೆ ಆದ ಮೇಲೆ ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚೋದು ವಾಸಿ, ಗಾಳಿ ಬದಲಾಗುತ್ತೆ, ಗೋಡೆ ನೆಲ ಅಷ್ಟರಲ್ಲಿ ತಣ್ಣಗಾಗಲ್ಲ.

ಬಾಗಿಲ ಸಂದಿಗೆ ಬಟ್ಟೆ ಸುರುಳಿ ಇಡಿ, ದಪ್ಪ ಪರದೆ ಹಾಕಿ, ಇವೆಲ್ಲಾ ಸರಿ, ಆದ್ರೆ ಒಲೆ ಅಥವಾ ಗ್ಯಾಸ್ ಗೀಸರ್ ಇರೋ ಜಾಗದ ಗಾಳಿಕಿಂಡಿಯನ್ನ ಮಾತ್ರ ಮುಚ್ಚಬೇಡಿ. ಕೆಂಡದ ಬಟ್ಟಲು ರೂಮಿಗೆ ತಂದು ಬಾಗಿಲು ಹಾಕಿ ಮಲಗೋದು, ಗ್ಯಾಸ್ ಸ್ಟವ್ ಹಚ್ಚಿ ರೂಮು ಬೆಚ್ಚಗೆ ಮಾಡೋದು, ಇದು ಉಳಿತಾಯ ಅಲ್ಲ, ಸಾವಿಗೆ ದಾರಿ. ಅಲ್ಲಿ ಹುಟ್ಟೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆ ಕಾಣದಿದ್ರೂ ಕೆಂಡದಿಂದ ಬರ್ತಾನೇ ಇರುತ್ತೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು, ಹೊರಗೆ ಹೋದ್ರೆ ಕಮ್ಮಿ ಆಗ್ತಿದೆ ಅಂದ್ರೆ ಶೀತ ಅಂದ್ಕೋಬೇಡಿ, ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬಂದು ಸಹಾಯಕ್ಕೆ ಕರೆಯಿರಿ. ಈ ಒಂದು ವಿಷಯದಲ್ಲಿ ನಾನು ಯಾವ ಮನೆಯವರ ಜೊತೆಗೂ ಚೌಕಾಸಿ ಮಾಡಲ್ಲ.

ಹಾಗಾದ್ರೆ ಚಳಿಗೆ ಏನ್ಮಾಡೋದು ಅಂದ್ರೆ, ಮನೆ ಇಡೀ ಕಾಯಿಸೋ ಬದಲು ಎಲ್ಲರೂ ಕೂರೋ ಒಂದು ರೂಮು ಕಾಯಿಸಿ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಮನೆಯೊಳಗೆ 18 ಡಿಗ್ರಿ ಇರ್ಲಿ ಅಂತ ಹೇಳಿದೆ, ವಯಸ್ಸಾದವರು, ಕೂಸುಗಳು, ಕಾಯಿಲೆ ಇರೋರು ಇದ್ರೆ ಇನ್ನೂ ಬೆಚ್ಚಗಿರ್ಬೇಕು, ಅವರ ರೂಮಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಮೇಲೆ ಮೇಲೆ ಹಾಕಿದ್ರೆ ಮಧ್ಯದ ಗಾಳಿಯೇ ಬೆಚ್ಚಗಿಡುತ್ತೆ, ಬಿಸಿ ಪೆಟ್ಟಿಗೆಯ ಲೆಕ್ಕವೇ ಇಲ್ಲೂ. ನೀರು ಕುಡಿಯೋದು ಮರೀಬೇಡಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ. ಮದ್ಯ ಕುಡಿದ್ರೆ ಬೆಚ್ಚಗಾಗುತ್ತೆ ಅನ್ನೋರಿಗೆ ಒಂದು ಮಾತು, ಚರ್ಮದ ರಕ್ತನಾಳ ಹಿಗ್ಗಿ ಹಾಗನ್ನಿಸುತ್ತೆ, ಒಳಗಿನ ಬಿಸಿ ಆ ದಾರಿಯಲ್ಲೇ ಹೊರಗೆ ಹೋಗ್ತಿರುತ್ತೆ.

ದಾಸ್ತಾನಿನ ಬಗ್ಗೆ ಚುಟುಕಾಗಿ. ಆಲೂಗಡ್ಡೆ ಕತ್ತಲಲ್ಲಿ, ತಂಪಾದ ಜಾಗದಲ್ಲಿ, ಆದ್ರೆ ಕೊರೆಯೋ ಚಳಿಯಲ್ಲಲ್ಲ, ತೀರಾ ತಣ್ಣಗಾದ್ರೆ ಅದರ ಪಿಷ್ಟ ಸಕ್ಕರೆಯಾಗಿ ಹುರಿದಾಗ ಕಪ್ಪಾಗುತ್ತೆ. ಹಸಿರು ತಿರುಗಿದ ಭಾಗ ಕೊಯ್ದು ಬಿಸಾಕಿ, ಪೂರ್ತಿ ಹಸಿರಾಗಿದ್ರೆ ಗಡ್ಡೆನೇ ಬೇಡ. ಈರುಳ್ಳಿ ಬೇರೆ ಕಡೆ, ಗಾಳಿ ಆಡೋ ಹಾಗೆ.

ಕರೆಂಟ್ ಹೋಗೋ ದಿನಕ್ಕೆ ಅಂತ ಒಂದಷ್ಟು ಬೇಯಿಸದೆ ತಿನ್ನೋ ಪದಾರ್ಥ, ಕುಡಿಯೋ ನೀರು, ಟಾರ್ಚು ಬೇರೆ ಇಟ್ಟಿರಿ. ಫ್ರಿಜ್ ಬಾಗಿಲು ತೆರೆಯದೆ ಬಿಟ್ರೆ ನಾಲ್ಕು ಗಂಟೆ ತಡೆಯುತ್ತೆ, ತುಂಬಿರೋ ಫ್ರೀಜರ್ ಎರಡು ದಿನ. ಇನ್ನು ಬಹಳ ಚಳಿ ಇದ್ದಾಗ ಗ್ಯಾಸ್ ಉರಿ ಸಣ್ಣಗೆ ಬಂದ್ರೆ ಸಿಲಿಂಡರ್ ಖಾಲಿ ಅಂತ ಆಗ್ಲೇ ಬದಲಿಸಬೇಡಿ. ಒಳಗಿನ ಬ್ಯೂಟೇನ್ ಅನ್ನೋ ಅನಿಲ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗೋದೇ ನಿಲ್ಲಿಸುತ್ತೆ, ಪ್ರೊಪೇನ್ ಆದ್ರೆ ಮೈನಸ್ 42ರವರೆಗೂ ಆಗುತ್ತೆ, ಎರಡೂ ಬೆರೆತ ಸಿಲಿಂಡರ್‌ನಲ್ಲಿ ಚಳಿಗೆ ಮೊದಲು ಮುಗಿಯೋದು ಪ್ರೊಪೇನ್, ತಳದಲ್ಲಿ ಬ್ಯೂಟೇನ್ ಉಳಿದಿರುತ್ತೆ. ಹಾಗಂತ ಸಿಲಿಂಡರ್‌ಗೆ ಬಿಸಿನೀರು ಸುರಿಯೋದು, ಮಲಗಿಸೋದು, ಬೆಂಕಿ ಹತ್ತಿರ ಇಡೋದು ಬೇಡವೇ ಬೇಡ. ನೇರವಾಗಿಯೇ ನಿಲ್ಲಿಸಿ, ಬಿಸಿಲೇರಿದ ಮೇಲೆ ಇನ್ನೊಂದು ಸಲ ಹಚ್ಚಿ ನೋಡಿ.